ಪತ್ರಿಕೋದ್ಯಮ ಓದು ಮುಗಿದ ಮೇಲೆ: ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲೇ ಇದ್ದು ಬರವಣಿಗೆಯ ಬದುಕು ಕಟ್ಟಿಕೊಳ್ಳುವುದು ಹೇಗೆ?

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಿಂದ, ಈ ಭಾಗದ ಪದವಿ ಕಾಲೇಜುಗಳಿಂದ ಪ್ರತಿ ವರ್ಷ ಪತ್ರಿಕೋದ್ಯಮ ಓದಿದ ಹುಡುಗರು, ಹುಡುಗಿಯರು ಹೊರಬರುತ್ತಾರೆ. ಕೊನೆಯ ಪರೀಕ್ಷೆ ಮುಗಿದ ವಾರವೇ ಮನೆಯಲ್ಲಿ ಪ್ರಶ್ನೆ ಶುರುವಾಗುತ್ತದೆ. ಮುಂದೇನು? ಬಹಳ ಮಂದಿಗೆ ಹೊಳೆಯುವ ಉತ್ತರ ಒಂದೇ: ಬ್ಯಾಗ್ ಕಟ್ಟಿ ಹಂಪಿ ಎಕ್ಸ್‌ಪ್ರೆಸ್ ಹತ್ತುವುದು, ಬೆಂಗಳೂರಿನಲ್ಲಿ ಗೆಳೆಯರ ರೂಮಿನಲ್ಲಿದ್ದುಕೊಂಡು ಚಾನೆಲ್‌ಗಳಿಗೆ ಬಯೋಡೇಟಾ ಕೊಡುತ್ತಾ ತಿರುಗುವುದು.

ನನ್ನ ಸಲಹೆ ಬೇರೆ. ಮೊದಲ ಒಂದು ವರ್ಷ ಇಲ್ಲೇ ಇದ್ದು ಬರೆಯಿರಿ. ಬೆಂಗಳೂರಿನ ಡೆಸ್ಕ್‌ಗಳಲ್ಲಿ ನಿಮ್ಮಷ್ಟೇ ಓದಿದವರು ಬೇಕಾದಷ್ಟು ಇದ್ದಾರೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಕೊನೆ ಭಾಗಕ್ಕೆ ಯಾಕೆ ತಲುಪುವುದಿಲ್ಲ ಅಂತ ಬಿಡಿಸಿ ಹೇಳಬಲ್ಲವರು ಅಲ್ಲಿ ತೀರಾ ಕಡಿಮೆ. ನಿಮ್ಮ ಜಿಲ್ಲೆಯ ಒಂದು ವಿಷಯವನ್ನು ಉಳಿದವರೆಲ್ಲರಿಗಿಂತ ಚೆನ್ನಾಗಿ ತಿಳಿದುಕೊಂಡರೆ ಅದೇ ನಿಮ್ಮ ಬಂಡವಾಳ. ಪದವಿ ಪ್ರಮಾಣಪತ್ರವನ್ನು ಯಾವ ಸಂಪಾದಕರೂ ಜಾಸ್ತಿ ಹೊತ್ತು ನೋಡುವುದಿಲ್ಲ. ಅಚ್ಚಾದ ಎಂಟು ಒಳ್ಳೆಯ ವರದಿಗಳನ್ನು ಮುಂದಿಟ್ಟರೆ ಖಂಡಿತ ನೋಡುತ್ತಾರೆ.

ಹೆಜ್ಜೆ 1: ಒಂದೇ ಒಂದು ವಿಷಯ ಹಿಡಿಯಿರಿ

ಇದನ್ನು ಕೊನೆಯ ಸೆಮಿಸ್ಟರ್‌ನಲ್ಲೇ ಮಾಡಬಹುದು. ಪ್ರಾಜೆಕ್ಟ್ ಹೇಗಿದ್ದರೂ ಬರೆಯಬೇಕು ತಾನೇ? "ಸಾಮಾಜಿಕ ಜಾಲತಾಣಗಳ ಪರಿಣಾಮ" ಅಂತ ಎಲ್ಲರೂ ತೆಗೆದುಕೊಳ್ಳುವ ವಿಷಯ ಬಿಡಿ. ನಿಮ್ಮ ಊರಿನ ಸುತ್ತ ಕಣ್ಣು ಹಾಯಿಸಿ.

ಬಳ್ಳಾರಿಯವರಾದರೆ ಗಣಿ ಇದೆ. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ವರ್ಷ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಅಲ್ಲಿಯವರೆಗಿನ ಕಥೆ ಎಲ್ಲರಿಗೂ ಗೊತ್ತು. 2015ರ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ, ಅಂದರೆ ಗಣಿ ನಡೆಸುವವರು ಗಣಿ ಬಾಧಿತ ಊರುಗಳಿಗಾಗಿ ಕಟ್ಟುವ ಹಣ, ಸಂಡೂರಿನ ಯಾವ ಹಳ್ಳಿಗೆ ಎಷ್ಟು ಬಂತು, ಅದರಲ್ಲಿ ಏನು ಕಟ್ಟಿದರು ಎಂಬುದನ್ನು ಬೆನ್ನು ಹತ್ತಿದವರು ಕಡಿಮೆ. ಜೀನ್ಸ್ ಹೊಲಿಯುವ ಕಾರ್ಮಿಕರಿದ್ದಾರೆ. ಬೆಳೆದ ಮೆಣಸಿನಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಸಾಗಿಸುವ ಸಿರುಗುಪ್ಪ, ಕುರುಗೋಡು ಕಡೆಯ ರೈತರಿದ್ದಾರೆ. ರಾಯಚೂರಿನವರಿಗೆ ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಹತ್ತಿ ಮಾರುಕಟ್ಟೆ, ಏಮ್ಸ್ ಆಸ್ಪತ್ರೆಗಾಗಿ 2022ರಲ್ಲಿ ಶುರುವಾದ ಧರಣಿ, ಮಸ್ಕಿಯ ಅಶೋಕನ ಶಾಸನ. ಕೊಪ್ಪಳದವರಿಗೆ ಗಿಣಿಗೇರಾ ಸುತ್ತಿನ ಕಾರ್ಖಾನೆಗಳ ದೂಳು, ಗಂಗಾವತಿಯ ಅಕ್ಕಿ ಗಿರಣಿಗಳು, ಕಿನ್ನಾಳದ ಬೊಂಬೆ. ಮೂರೂ ಜಿಲ್ಲೆಗೆ ಸೇರಿದ್ದು ಗುಳೆ. ಈ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯಡಿಯ ನೇಮಕಾತಿಯೂ ಹಾಗೆಯೇ.

ಒಂದು ವಿಷಯ ಗೊತ್ತಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಕೊಡುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ (ನೀರು ಹೊರಬಿಡುವ ಬಾಗಿಲು) ಚೈನ್ ತುಂಡಾಗಿ ಕೊಚ್ಚಿಹೋಯಿತು. ಮರುದಿನ ಎಲ್ಲ ಡೆಸ್ಕ್‌ಗಳಿಗೂ ಬೇಕಾಗಿದ್ದು ಒಬ್ಬರೇ: ಕ್ರಸ್ಟ್ ಗೇಟ್ ಅಂದರೇನು, ಗೇಟ್ ಹೋದ ಜಾಗದಲ್ಲಿ ನೀರು ತಡೆಯಲು ತಾತ್ಕಾಲಿಕವಾಗಿ ಇಳಿಸುವ ಸ್ಟಾಪ್‌ಲಾಗ್ ಅಂದರೇನು, ಹರಿಯುವ ನೀರಿನಲ್ಲೇ ಅದನ್ನು ಇಳಿಸುವುದು ಯಾಕೆ ಕಷ್ಟ ಅಂತ ಸರಳವಾಗಿ ಬರೆಯಬಲ್ಲವರು. ಅಣೆಕಟ್ಟೆಗೆ ಒಟ್ಟು 33 ಗೇಟ್ ಇವೆ. 133 ಟಿಎಂಸಿ ಇದ್ದ ಸಾಮರ್ಥ್ಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಎಡದಂಡೆ ನಾಲೆ ಕೊಪ್ಪಳ, ರಾಯಚೂರಿಗೆ ಹೋಗುತ್ತದೆ, ಬಲದಂಡೆಯ ನಾಲೆಗಳು ಬಳ್ಳಾರಿ ದಾಟಿ ಆಂಧ್ರಕ್ಕೆ ಹೋಗುತ್ತವೆ. ಇಷ್ಟು ತಿಳಿದಿದ್ದವರಿಗೆ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಸ್ಟಾಪ್‌ಲಾಗ್ ಕೂರಿಸುವವರೆಗಿನ ಆ ವಾರದಲ್ಲಿ ದಿನಕ್ಕೊಂದು ಬರಹಕ್ಕೆ ವಿಷಯವಿತ್ತು. ಇಂಥ ದಿನ ಹೇಳಿ ಬರುವುದಿಲ್ಲ. ಮೊದಲೇ ಓದಿಕೊಂಡಿರಬೇಕು.

ಹೆಜ್ಜೆ 2: ಮೊದಲ ವರದಿಯನ್ನು ಪೂರ್ತಿ ಮಾಡಿ

ನಾಲೆಯ ವಿಷಯವನ್ನೇ ಮುಂದುವರಿಸೋಣ. ಎಡದಂಡೆ ನಾಲೆ ಸುಮಾರು 227 ಕಿಲೋಮೀಟರ್ ಉದ್ದ. ಮೇಲಿನ ಭಾಗದಲ್ಲಿ ಅನಧಿಕೃತವಾಗಿ ನೀರೆತ್ತುತ್ತಾರೆ, ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ಹೊಲಗಳು ಕಾಯುತ್ತಾ ಕೂರುತ್ತವೆ. ಪ್ರತಿ ವರ್ಷ ಪ್ರತಿಭಟನೆ, ಪ್ರತಿ ವರ್ಷ ಅದೇ ಸುದ್ದಿ. ನೀವು ಬೇರೆಯದನ್ನು ಹೇಗೆ ಬರೆಯುತ್ತೀರಿ?

ಮೊದಲು ಕಾಗದ ನೋಡಿ. ನೀರಾವರಿ ಸಲಹಾ ಸಮಿತಿ, ಅಂದರೆ ಜನ ಹೇಳುವ ಐಸಿಸಿ, ಯಾವ ನಾಲೆಗೆ ಯಾವ ದಿನದಿಂದ ಎಷ್ಟು ಕ್ಯೂಸೆಕ್ ಅಂತ ತೀರ್ಮಾನ ಮಾಡುತ್ತದೆ. ಆ ನಿರ್ಣಯದ ಪ್ರತಿ ಮುನಿರಾಬಾದ್‌ನ ನೀರಾವರಿ ಕಚೇರಿಯಲ್ಲಿ ಕೇಳಿ. ಆಮೇಲೆ ನಾಲೆಯ ಗೇಜ್ ಲೆಕ್ಕ, ಅಂದರೆ ನೀರಿನ ಮಟ್ಟದ ಲೆಕ್ಕ ಹಿಡಿಯಿರಿ. 69ನೇ ಮೈಲಿಯಲ್ಲಿ ಎಷ್ಟು ಅಡಿ, 104ನೇ ಮೈಲಿಯಲ್ಲಿ ಎಷ್ಟು ಅಡಿ ಅಂತ ರೈತರು ಬಾಯಲ್ಲೇ ಹೇಳುತ್ತಾರೆ. ಅವರು ಹೇಳಿದ್ದನ್ನೂ ಎಂಜಿನಿಯರ್ ಕೊಟ್ಟದ್ದನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ವ್ಯತ್ಯಾಸ ಸಿಕ್ಕಿತಾ? ನಿಮ್ಮ ವರದಿ ಅಲ್ಲಿದೆ.

ಆಮೇಲೆ ಸ್ಥಳಕ್ಕೆ ಹೋಗಿ. ಒಬ್ಬ ಮುಖಂಡರ ಹೇಳಿಕೆ ತಂದು ಬಿಟ್ಟರೆ ಸಾಲದು. ಕೊನೆ ಹೊಲದ ರೈತ, ಮೇಲ್ಭಾಗದ ರೈತ, ನಾಲೆ ಕಾಯುವ ಗ್ಯಾಂಗ್‌ಮನ್, ಕೂಲಿಗೆ ಬರುವ ಹೆಣ್ಣುಮಕ್ಕಳು, ಆ ಭಾಗದ ಎಂಜಿನಿಯರ್, ಇಷ್ಟು ಜನರ ಜೊತೆ ಮಾತಾಡಿ. ನೀರೆತ್ತುವ ಮೇಲ್ಭಾಗದ ರೈತರನ್ನು ಮಾತಾಡಿಸದೆ ಬರೆದ ವರದಿ ಅರ್ಧ ವರದಿ. ಅವರಿಗೂ ಒಂದು ಕಾರಣ ಇರುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಜಿಲ್ಲೆಯ ಎಲ್ಲ ತಾಲ್ಲೂಕನ್ನೂ ಆಧಾರ್ ಕಾರ್ಡ್ ತೋರಿಸಿ ಸುತ್ತಿ ಬರಬಹುದು. ವಾಪಸ್ ಬರುವ ಕೊನೆ ಬಸ್ ಎಷ್ಟು ಹೊತ್ತಿಗೆ ಅಂತ ಮಾತ್ರ ಇಳಿದ ಕೂಡಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.

ಬರೆಯಲು ಕೂತಾಗ ಕಾಲೇಜಿನಲ್ಲಿ ಕಲಿತ ಪ್ರೆಸ್ ನೋಟ್ ಭಾಷೆ ಕೈಗೆ ಬಂದೇ ಬರುತ್ತದೆ. ಹೀಗೆ:

"ತಾಲ್ಲೂಕಿನ ಕೊನೆ ಭಾಗದ ರೈತರು ನೀರಿನ ಸಮಸ್ಯೆಯಿಂದ ತೀವ್ರ ಸಂಕಷ್ಟ ಅನುಭವಿಸುತ್ತಿದ್ದು, ಅಧಿಕಾರಿಗಳ ನಿರ್ಲಕ್ಷ್ಯದ ವಿರುದ್ಧ ಆಕ್ರೋಶ ವ್ಯಕ್ತಪಡಿಸಿದ್ದಾರೆ."

ಇದರಲ್ಲಿ ಊರಿಲ್ಲ, ದಿನವಿಲ್ಲ, ಮನುಷ್ಯರಿಲ್ಲ. ಯಾವ ವರ್ಷ ಬೇಕಾದರೂ ಅಚ್ಚು ಹಾಕಬಹುದು. ಅದೇ ವಿಷಯ ಹೀಗೂ ಶುರುವಾಗಬಹುದು:

"ನಾಲೆಗೆ ನೀರು ಬಿಟ್ಟು ಇಪ್ಪತ್ತು ದಿನವಾಯಿತು. ಈ ಊರಿನ ಉಪಕಾಲುವೆಯಲ್ಲಿ ಇನ್ನೂ ಜಾಲಿ ಗಿಡ ನಿಂತಿದೆ. ಭತ್ತದ ಸಸಿ ಮಡಿ ಉಳಿಸಿಕೊಳ್ಳಲು ರೈತರು ಟ್ಯಾಂಕರ್ ತರಿಸುತ್ತಿದ್ದಾರೆ."

ಎರಡನೆಯದು ಮಾದರಿ ಮಾತ್ರ. ಆದರೆ ಅಂಥ ಮೂರು ಸಾಲು ಬರೆಯಲು ಆ ಉಪಕಾಲುವೆಯ ದಂಡೆಯ ಮೇಲೆ ನಿಂತು ನೋಡಿರಲೇಬೇಕು.

ಮಾತನ್ನು ಉದ್ಧರಿಸುವಾಗ ಜನರ ನುಡಿಯನ್ನು ಕೆಡಿಸಬೇಡಿ. "ನಮ್ಮ ಪಾಲಿನ ನೀರು ಕಾಗದದಾಗ ಬರತೈತ್ರಿ, ಹೊಲಕ್ಕ ಬರಂಗಿಲ್ಲ" ಅಂತ ಒಬ್ಬರು ಅಂದರೆ ಅದನ್ನು "ನಮಗೆ ನೀರು ದೊರಕುತ್ತಿಲ್ಲ" ಅಂತ ತಿದ್ದುವುದು ಅನ್ಯಾಯ. ಡೆಸ್ಕ್‌ನವರು ತಿದ್ದಬಹುದು, ನೀವಾಗಿ ತಿದ್ದಬೇಡಿ. ನಮ್ಮ ಭಾಗದ ಮಾತು ಅಚ್ಚಿನಲ್ಲಿ ಕಾಣುವುದೇ ಕಡಿಮೆ.

ಹೆಜ್ಜೆ 3: ಮಾಹಿತಿ ಹಕ್ಕು ಅರ್ಜಿ ಹಾಕುವುದು ಕಲಿಯಿರಿ

ಕೆಲಸವಿಲ್ಲದ ಮೊದಲ ತಿಂಗಳುಗಳಲ್ಲಿ ಮಾಡಬಹುದಾದ ಅತ್ಯಂತ ಒಳ್ಳೆಯ ಕೆಲಸ ಇದು. 2005ರ ಕಾಯ್ದೆ ನಿಮ್ಮ ಬಳಿ ಪ್ರೆಸ್ ಕಾರ್ಡ್ ಇದೆಯಾ ಅಂತ ಕೇಳುವುದಿಲ್ಲ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, ಕಾರ್ಡಿನ ಪ್ರತಿ ಇಟ್ಟರೆ ಆಯಿತು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇದನ್ನು ಮರೆತರೆ ಅರ್ಜಿ ತಿರುಗಿ ಬರುತ್ತದೆ.

"ಯಾಕೆ", "ಹೇಗೆ" ಅಂತ ಕೇಳಬೇಡಿ. ಕಚೇರಿಯಲ್ಲಿ ಈಗಾಗಲೇ ಇರುವ ಕಾಗದ ಕೇಳಿ. ಉದಾಹರಣೆಗೆ:

"ಬಳ್ಳಾರಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿಂದ ಸಂಡೂರು ತಾಲ್ಲೂಕಿನಲ್ಲಿ 2022–23ರಿಂದ 2024–25ರವರೆಗೆ ಮಂಜೂರಾದ ಶಾಲಾ ಕೊಠಡಿಗಳ ಪಟ್ಟಿ. ಪ್ರತಿಯೊಂದಕ್ಕೂ ಊರು, ಮಂಜೂರಾದ ಮೊತ್ತ, ಖರ್ಚಾದ ಮೊತ್ತ, ಕಾಮಗಾರಿಯ ಸದ್ಯದ ಸ್ಥಿತಿ."

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದದ್ದು ಸರಿ ಇಲ್ಲದಿದ್ದರೆ, ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದರಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೂ ಇದೆ. ಪಟ್ಟಿ ಕೈಗೆ ಬಂದ ಮೇಲೆ ಅದರಲ್ಲಿರುವ ನಾಲ್ಕು ಶಾಲೆಗಾದರೂ ಹೋಗಿ ಕೊಠಡಿ ನಿಂತಿದೆಯಾ ನೋಡಿ ಬನ್ನಿ. ಪಟ್ಟಿಯನ್ನು ಹಾಗೇ ಅಚ್ಚು ಹಾಕುವುದು ವರದಿಯಲ್ಲ.

ಕೋರ್ಟ್ ತೀರ್ಪುಗಳೂ ಹೀಗೆಯೇ. ಇ–ಕೋರ್ಟ್ಸ್ ತಾಣದಲ್ಲಿ ಜಿಲ್ಲಾ ನ್ಯಾಯಾಲಯಗಳ ತೀರ್ಪು ದುಡ್ಡಿಲ್ಲದೆ ಸಿಗುತ್ತವೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದೌರ್ಜನ್ಯದ ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೇಶವೆಲ್ಲ ಸುದ್ದಿಯಾಯಿತು. ಇಂಥ ತೀರ್ಪನ್ನು ಕೂತು ಪೂರ್ತಿ ಓದಿ, ಸಾಕ್ಷಿ ಯಾರು, ಹತ್ತು ವರ್ಷ ಯಾಕೆ ಹಿಡಿಯಿತು, ಶಿಕ್ಷೆಯಾದ ಮೇಲೆ ಮೇಲ್ಮನವಿ ಹೇಗೆ ಸಾಗುತ್ತದೆ ಅಂತ ಸರಳವಾಗಿ ಬರೆಯುವವರು ಬೇಕಾಗಿದ್ದಾರೆ.

ಹೆಜ್ಜೆ 4: ಟೈಪಿಂಗ್, ಫೋಟೊ, ಕಾನೂನು

ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ನೋಡದೆ ಟೈಪ್ ಮಾಡುವುದು ಬರಲೇಬೇಕು. ಮೊಬೈಲ್‌ನಲ್ಲಿ ಮಾತಾಡಿ ಬರೆಸುವ ಅಭ್ಯಾಸ ಎಷ್ಟೇ ಚೆನ್ನಾಗಿದ್ದರೂ ಲಿಖಿತ ಪರೀಕ್ಷೆಗೆ ಕಂಪ್ಯೂಟರ್ ಮುಂದೆ ಕೂರಿಸಿದಾಗ ಅದು ಕೈಗೆ ಬರುವುದಿಲ್ಲ. ಅಚ್ಚಿನ ಪುಟಕ್ಕೆ ಹಳೇ ನುಡಿ ಫಾಂಟ್ ಕೇಳುವವರು ಇನ್ನೂ ಇದ್ದಾರೆ, ವೆಬ್‌ಗೆ ಯೂನಿಕೋಡ್ ಬೇಕು. ಎರಡರ ನಡುವೆ ಪರಿವರ್ತನೆ ಮಾಡಿದಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಕಳಿಸುವ ಮುಂಚೆ ಒಮ್ಮೆ ಕಣ್ಣಾಡಿಸಿ. ಫೋಟೊ ಅಡ್ಡಡ್ಡ ತೆಗೆಯಿರಿ, ಜನರ ಒಪ್ಪಿಗೆ ಕೇಳಿ ತೆಗೆಯಿರಿ.

ಕಾನೂನಿನಲ್ಲಿ ಎರಡು ವಿಷಯ ಬಾಯಿಪಾಠ ಆಗಿರಲಿ. ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. 2024ರ ಜುಲೈಗೆ ಮೊದಲು ಇದು ಐಪಿಸಿ 228ಎ ಆಗಿತ್ತು. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಇನ್ನೂ ಬಿಗಿ: ಹೆಸರು, ವಿಳಾಸ, ಶಾಲೆ, ಮನೆಯವರು, ನೆರೆಹೊರೆ ಯಾವುದೂ ಬರಬಾರದು. ಚಿಕ್ಕ ಊರುಗಳಲ್ಲಿ "ಇಂಥ ಓಣಿಯ ಇಂಥವರ ಮಗಳು" ಅಂದರೆ ಸಾಕು, ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಬರೆಯುವವರಿಗೆ ಜವಾಬ್ದಾರಿ ಜಾಸ್ತಿ.

ಹೆಜ್ಜೆ 5: ಯಾರಿಗೆ ಕಳಿಸಬೇಕು, ಹೇಗೆ ಕಳಿಸಬೇಕು

ರಾಜ್ಯಮಟ್ಟದ ಪತ್ರಿಕೆಗಳಾದ ಪ್ರಜಾವಾಣಿ, ವಿಜಯ ಕರ್ನಾಟಕ, ಕನ್ನಡಪ್ರಭ, ಉದಯವಾಣಿ, ವಿಜಯವಾಣಿ, ಸಂಯುಕ್ತ ಕರ್ನಾಟಕಗಳಿಗೆ ಜಿಲ್ಲಾ ವರದಿಗಾರರಿದ್ದಾರೆ. ಮೊದಲು ಅವರನ್ನು ಕಂಡು ಬನ್ನಿ. ಕೆಲಸ ಕೇಳಲು ಬೇಡ, ನಿಮ್ಮ ವಿಷಯದ ಬಗ್ಗೆ ಮಾತಾಡಲು ಹೋಗಿ. "ಸರ್, ನಾನು ಇದರ ಮೇಲೆ ಓದ್ತಾ ಇದ್ದೀನಿ, ನಿಮ್ಮ ಹಳೇ ವರದಿ ನೋಡಿದೆ" ಅಂದರೆ ಕೂರಿಸಿಕೊಂಡು ಮಾತಾಡುತ್ತಾರೆ. ಸ್ಥಳೀಯ ದಿನಪತ್ರಿಕೆಗಳನ್ನೂ ಕಡೆಗಣಿಸಬೇಡಿ. ಅಲ್ಲಿ ಸುದ್ದಿ ಬರೆಯುವುದು, ತಿದ್ದುವುದು, ಪುಟ ಕಟ್ಟುವುದು ಎಲ್ಲ ಒಂದೇ ಕೋಣೆಯಲ್ಲಿ ಕಲಿಯಬಹುದು.

ಉದ್ದದ ಬರಹಕ್ಕೆ ಭಾನುವಾರದ ಪುರವಣಿಗಳು, ಸುಧಾ, ಮಯೂರ, ತರಂಗದಂಥ ನಿಯತಕಾಲಿಕಗಳಿವೆ. ಗ್ರಾಮೀಣ ವರದಿಗೆ ಪಿ. ಸಾಯಿನಾಥ್ ಅವರು 2014ರಲ್ಲಿ ಶುರು ಮಾಡಿದ ಪರಿ ಜಾಲತಾಣ ಕನ್ನಡದಲ್ಲೂ ಬರುತ್ತದೆ, ವಿದ್ಯಾರ್ಥಿಗಳಿಗೂ ಜಾಗ ಕೊಡುತ್ತದೆ. ಹೊಸಪೇಟೆ, ರಾಯಚೂರು ಆಕಾಶವಾಣಿ ಇವೆ. ಭಾಷಣ, ರೂಪಕದ ಪ್ರಸ್ತಾವ ಹಿಡಿದು ಹೋಗಿ ಕೇಳಿ.

ಪೂರ್ತಿ ಲೇಖನ ಕಳಿಸುವ ಮೊದಲು ಒಂದು ಪ್ರಸ್ತಾವ ಕಳಿಸಿ. ಹೀಗಿರಲಿ:

"ಮಾನ್ಯರೇ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗೆ ಭೌಗೋಳಿಕ ಸೂಚಿಕೆ ಸಿಕ್ಕು ವರ್ಷಗಳಾಗಿವೆ. ಬೊಂಬೆ ಕೆತ್ತುವ ಹಗುರ ಮರ ಈಗ ಎಲ್ಲಿಂದ ಬರುತ್ತಿದೆ, ಅದಕ್ಕೆ ಕೊಡುವ ಬೆಲೆ ಹೋಗಿ ಕಲಾವಿದರ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬ ಬಗ್ಗೆ 900 ಪದಗಳ ಲೇಖನ ಬರೆಯಲು ಬಯಸುತ್ತೇನೆ. ಮೂರು ಮನೆಗಳ ಕಲಾವಿದರ ಜೊತೆ ಮಾತಾಡಿದ್ದೇನೆ. ಅರಣ್ಯ ಇಲಾಖೆಯ ಪ್ರತಿಕ್ರಿಯೆ ಈ ವಾರ ಸಿಗಲಿದೆ. ಐದು ಫೋಟೊ ಇವೆ. ಒಪ್ಪಿದರೆ ಹತ್ತು ದಿನದಲ್ಲಿ ಕಳಿಸುತ್ತೇನೆ."

ನೋಡಿ, ಇದರಲ್ಲಿ "ನನಗೆ ಬಾಲ್ಯದಿಂದಲೂ ಬರವಣಿಗೆಯಲ್ಲಿ ಆಸಕ್ತಿ" ಅನ್ನುವ ಸಾಲೇ ಇಲ್ಲ. ಕಿನ್ನಾಳದ ಕಲೆ ಅಳಿವಿನಂಚಿನಲ್ಲಿದೆ ಅಂತ ಬರೆದವರು ನೂರು ಜನ ಇದ್ದಾರೆ. ಮರದ ಬೆಲೆ ಕೇಳಿದವರು ಎಷ್ಟು ಜನ? ಸಂಪಾದಕರ ಕಣ್ಣು ನಿಲ್ಲುವುದು ಅಲ್ಲಿ. ಒಂದು ವಾರ ಉತ್ತರ ಬರದಿದ್ದರೆ ವಿನಯದಿಂದ ಒಮ್ಮೆ ನೆನಪಿಸಿ. ಇನ್ನೊಂದು ವಾರ ಕಾದು, "ಬೇರೆ ಕಡೆ ಕಳಿಸುತ್ತಿದ್ದೇನೆ" ಅಂತ ತಿಳಿಸಿ ಬೇರೆಯವರಿಗೆ ಕಳಿಸಿ. ಒಂದೇ ಬರಹವನ್ನು ಒಟ್ಟಿಗೆ ಎರಡು ಕಡೆ ಕಳಿಸಿದರೆ, ಎರಡೂ ಕಡೆ ಅಚ್ಚಾದ ದಿನ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ.

ಹೆಜ್ಜೆ 6: ಮೊದಲ ಕೆಲಸ ಒಪ್ಪಿಕೊಳ್ಳುವ ಮುನ್ನ

ತಾಲ್ಲೂಕು ಸ್ಟ್ರಿಂಗರ್ (ಕಾಯಂ ನೌಕರಿಯಿಲ್ಲದೆ ಸುದ್ದಿ ಕಳಿಸುವ ವರದಿಗಾರರು) ಆಗಿ ಶುರು ಮಾಡುವುದರಲ್ಲಿ ತಪ್ಪಿಲ್ಲ. ಒಳ್ಳೆಯ ವರದಿಗಾರರು ಬಹಳ ಜನ ಹಾಗೆಯೇ ಬಂದವರು. ಆದರೆ ಮೂರು ಪ್ರಶ್ನೆ ಮೊದಲೇ ಕೇಳಿ: ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಜಾಹೀರಾತು ತರಬೇಕಾ? ಕೊನೆಯದು ಮುಖ್ಯ. ಕೆಲವು ಕಡೆ ಹಬ್ಬಕ್ಕೆ, ನಾಯಕರ ಹುಟ್ಟುಹಬ್ಬಕ್ಕೆ ಇಷ್ಟು ಸಾವಿರದ ಜಾಹೀರಾತು ತರಲೇಬೇಕು ಅಂತ ಟಾರ್ಗೆಟ್ ಕೊಡುತ್ತಾರೆ. ಇವತ್ತು ಗುತ್ತಿಗೆದಾರರ ಹತ್ತಿರ ಜಾಹೀರಾತು ಕೇಳಿ, ನಾಳೆ ಅದೇ ಗುತ್ತಿಗೆದಾರರ ಕಳಪೆ ರಸ್ತೆ ಬಗ್ಗೆ ಬರೆಯಲು ಆಗುತ್ತದಾ? ಆಗುವುದಿಲ್ಲ. ಅಂಥ ಕೆಲಸ ಬೇಡ ಅನ್ನುವ ಧೈರ್ಯ ಶುರುವಿನಲ್ಲೇ ಮಾಡಿ, ಆಮೇಲೆ ಕಷ್ಟ. ದುಡ್ಡು ಕೊಟ್ಟರೆ ಪ್ರೆಸ್ ಕಾರ್ಡ್ ಕೊಡುತ್ತೇವೆ ಅನ್ನುವವರ ಹತ್ತಿರವಂತೂ ಸುಳಿಯಲೇಬೇಡಿ. ಪತ್ರಿಕಾಗೋಷ್ಠಿಯಲ್ಲಿ ಕೈಗೆ ಬರುವ ದುಡ್ಡಿನ ಕವರ್ ಕೂಡ ಅಷ್ಟೇ. ಊಟ ಮಾಡಿ, ಕವರ್ ಮುಟ್ಟಬೇಡಿ.

ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಜಿಲ್ಲಾ ಕಚೇರಿಗಳು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಸ್ಟೈಪೆಂಡ್ ಕೊಟ್ಟು ಅಪ್ರೆಂಟಿಸ್ ತರಬೇತಿ ನೀಡುತ್ತವೆ. ಪ್ರಕಟಣೆ ಸ್ಥಳೀಯ ಪತ್ರಿಕೆಗಳಲ್ಲೇ ಬರುತ್ತದೆ. ಸರ್ಕಾರಿ ಪ್ರಕಟಣೆ ಬರೆಯುವುದು ಪತ್ರಿಕೋದ್ಯಮವಲ್ಲ ನಿಜ. ಆದರೆ ಯಾವ ಇಲಾಖೆಯಲ್ಲಿ ಯಾವ ಕಡತ ಎಲ್ಲಿರುತ್ತದೆ ಅಂತ ಅಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯುವುದಿಲ್ಲ. ಕರ್ನಾಟಕ ಮಾಧ್ಯಮ ಅಕಾಡೆಮಿಯ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಹೆಜ್ಜೆ 7: ಆ ಒಂದು ವರ್ಷ ಹೊಟ್ಟೆಪಾಡು

ಈ ಪ್ರಶ್ನೆಗೆ ಉತ್ತರ ಕೊಡದೆ "ಇಲ್ಲೇ ಇರಿ" ಅನ್ನುವುದು ಸುಮ್ನೆ ಮಾತಾಗುತ್ತದೆ. ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ, ಮುಂದೆ ಓದುತ್ತಿಲ್ಲದಿದ್ದರೆ, ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ ಸಿಗುತ್ತದೆ. ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕ ಕೂಡಲೇ ತಿಳಿಸಬೇಕು, ಅದನ್ನು ಮುಚ್ಚಿಡಬೇಡಿ.

ಅದರ ಮೇಲೆ ಅನುವಾದ ಮಾಡಿ. ಇದರಲ್ಲಿ ನಮ್ಮ ಭಾಗದವರಿಗೆ ಇರುವ ಅನುಕೂಲ ಬೇರೆಯವರಿಗಿಲ್ಲ. ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹಾಗಾಗಿ ತೆಲುಗು, ಉರ್ದು ಇಲ್ಲಿ ಓಣಿಯಲ್ಲೇ ಕಿವಿಗೆ ಬೀಳುತ್ತವೆ. ಮನೆಯಲ್ಲಿ ತೆಲುಗು ಮಾತಾಡುವವರು ಲಿಪಿಯನ್ನೂ ಕಲಿತರೆ ತೆಲುಗಿನಿಂದ ಕನ್ನಡಕ್ಕೆ ಡಬ್ಬಿಂಗ್ ಸ್ಕ್ರಿಪ್ಟ್, ಉಪಶೀರ್ಷಿಕೆ, ಜಾಹೀರಾತಿನ ಅನುವಾದಕ್ಕೆ ಪ್ರಯತ್ನಿಸಬಹುದು. ಸ್ವಯಂಸೇವಾ ಸಂಸ್ಥೆಗಳಿಗೆ ಹಳ್ಳಿಯಲ್ಲಿ ಮಾತಾಡಿ ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ ವರದಿ ಬರೆಯುವವರು ಬೇಕಾಗುತ್ತಾರೆ. ಆದರೆ ನೀವು ವರದಿ ಮಾಡುವ ವಿಷಯದಲ್ಲೇ ಕೆಲಸ ಮಾಡುವ ಸಂಸ್ಥೆ ಅಥವಾ ಕಾರ್ಖಾನೆಯಿಂದ ದುಡ್ಡು ತೆಗೆದುಕೊಳ್ಳಬೇಡಿ. ಬೇರೆ ವಿಷಯದ ಕೆಲಸ ಹುಡುಕಿ.

ದರ ಮಾತಾಡುವಾಗ ಪದಕ್ಕೆ ಎಷ್ಟು, ಮೂಲದ ಪದ ಲೆಕ್ಕವೋ ಕನ್ನಡದ್ದೋ ಅಂತ ಕೇಳಿ. ಇಂಗ್ಲಿಷಿನ ನೂರು ಪದ ಕನ್ನಡಕ್ಕೆ ಬಂದಾಗ ಕಡಿಮೆಯಾಗುತ್ತವೆ, ಆದ್ದರಿಂದ ಮೂಲದ ಲೆಕ್ಕವೇ ನಿಮಗೆ ಲಾಭ. ಒಪ್ಪಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಪ್ಯಾನ್ ಕಾರ್ಡ್ ಇರಲಿ. ಹತ್ತು ಪರ್ಸೆಂಟ್ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ ವರ್ಷದ ಕೊನೆಗೆ ರಿಟರ್ನ್ ಹಾಕಿ, ಆದಾಯ ಮಿತಿಯೊಳಗಿದ್ದರೆ ಅದು ವಾಪಸ್ ಬರುತ್ತದೆ.

ಬೆಂಗಳೂರಿಗೆ ಯಾವಾಗ ಹೋಗಬೇಕು?

ಅಚ್ಚಾದ ಎಂಟು, ಹತ್ತು ವರದಿಗಳಾದ ಮೇಲೆ, ಅದರಲ್ಲಿ ಎರಡಾದರೂ ದಾಖಲೆ ಹಿಡಿದು ಬರೆದವು ಆದ ಮೇಲೆ ಹೋಗಬಹುದು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿಕೊಳ್ಳಿ, ಪತ್ರಿಕೆಯ ಹೆಸರು, ತಾರೀಖು ಕಾಣುವಂತಿರಲಿ. ಪ್ರತಿ ವರದಿಯ ಕೆಳಗೆ ಎರಡು ಸಾಲು ಬರೆಯಿರಿ: ದಾಖಲೆ ಎಲ್ಲಿ ಸಿಕ್ಕಿತು, ಪ್ರಕಟವಾದ ಮೇಲೆ ಏನು ಬದಲಾಯಿತು. ಏನೂ ಬದಲಾಗದಿದ್ದರೆ ಹಾಗೆಂದೇ ಬರೆಯಿರಿ. ಸಂದರ್ಶನದಲ್ಲಿ ಅದರ ಬಗ್ಗೆಯೇ ಕೇಳುತ್ತಾರೆ.

ಹೋಗುವ ಮುಂಚೆ ನಿಮ್ಮ ನೋಟ್‌ಬುಕ್‌ನಲ್ಲಿರುವ ರೈತರು, ಕಾರ್ಮಿಕರು, ಗುಮಾಸ್ತರು, ವಕೀಲರ ನಂಬರುಗಳನ್ನು ಊರು, ವಿಷಯದ ಸಮೇತ ಒಂದು ಕಡೆ ಬರೆದಿಡಿ. ಅವರ ಬಗ್ಗೆ ಬರೆದದ್ದು ಅಚ್ಚಾದಾಗ ಪ್ರತಿ ಕಳಿಸಿದ್ದೀರಾ ನೋಡಿ, ಇಲ್ಲದಿದ್ದರೆ ಈಗಲೇ ಕಳಿಸಿ.